ಮೊದಲು ತಲೆಗೆ ನೀರು

ನನ್ನ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಪಕ್ಕದ ಗ್ಯಾರೇಜಿನ ತಂಪಣ್ಣ ರೇಸ್ ಕಾರಿನ ಬಾನೆಟ್ ಎತ್ತಿ, ಇಂಜಿನ್ನನ್ನು ತಂಪಾಗಿಡುವ ನೀರು ಹೋಗುವ ಪೈಪನ್ನೂ ಬರುವ ಪೈಪನ್ನೂ ಒಮ್ಮೆ ಸವರುತ್ತಾನೆ. ಮೈಯಲ್ಲಿ ಜ್ವರವಿದ್ದರೂ ಇದು ತಪ್ಪುವುದಿಲ್ಲ. ಹೆಚ್ಚಿನ ಇಂಜಿನ್ನುಗಳಲ್ಲಿ ನೀರು ಕೆಳಗಿನಿಂದ ಮೇಲಕ್ಕೇರುತ್ತದಂತೆ. ಇವನು ಆ ದಾರಿಯನ್ನೇ ತಿರುಗಿಸಿ, ಮೊದಲು ಇಂಜಿನ್ನಿನ ತಲೆಗೆ, ಅಂದರೆ ಮೇಲಿನ ಹೆಡ್ಡಿಗೆ ಹರಿಸಿದ್ದಾನೆ. “ಬೆಂಕಿ ಇರೋದೇ ತಲೆ ಹತ್ರ ಅಕ್ಕಾ. ಕಾಲು ತೊಳೆದು ಬಿಸಿಯಾದ ನೀರನ್ನ ಆಮೇಲೆ ತಲೆಗೆ ಕೊಟ್ರೆ ಏನು ಬಂತು?” ಎಂದು ನನಗೂ ಹೇಳುತ್ತಾನೆ, ಪೇಪರ್ ಹಾಕುವವನನ್ನೂ ನಿಲ್ಲಿಸಿ ಹೇಳುತ್ತಾನೆ. ಬೀದಿಯಲ್ಲಿ ಜಗಳವಾದರೆ ಹೆಚ್ಚು ಕೂಗಾಡುವವರ ಕೈಗೆ ಮೊದಲು ಒಂದು ಲೋಟ ನೀರು ಕೊಡುತ್ತಾನೆ. “ನಮ್ಮನೇಲಿ ಆ ಲೋಟ ಯಾವಾಗ್ಲೂ ನನಗೇ ಬರುತ್ತೆ” ಎಂದು ಹೆಂಡತಿ ನಗುತ್ತಾಳೆ. ಕಾರು ಓಡಿಸುವವಳು ಅವರ ಒಬ್ಬಳೇ ಮಗಳು. ಓಟದ ದಿನ ಎಲ್ಲರೂ ಕತ್ತು ಚಾಚಿ ಟ್ರ್ಯಾಕ್ ನೋಡುತ್ತಿದ್ದರೆ, ತಂಪಣ್ಣ ಗೋಡೆಗೆ ಮುಖ ಮಾಡಿ ಇಂಜಿನ್ನಿನ ಸದ್ದನ್ನಷ್ಟೇ ಕೇಳುತ್ತ ನಿಂತಿರುತ್ತಾನೆ. ಕಾರು ಬಂದು ನಿಂತೊಡನೆ ಬಾನೆಟ್ ಎತ್ತುತ್ತಾನೆ ಎಂದುಕೊಂಡರೆ, ಅವನ ಕೈ ಹೋಗುವುದು ಹೆಲ್ಮೆಟ್ ತೆಗೆದ ಮಗಳ ಹಣೆಗೆ. “ಅಪ್ಪಾ, ಇಂಜಿನ್ ಆ ಕಡೆ ಇದೆ” ಎನ್ನುತ್ತಾಳೆ ಅವಳು. ಮೊನ್ನೆ ಗೆದ್ದ ಖುಷಿಯಲ್ಲಿ ಕಾರಿನ ಯಜಮಾನರು, “ಮುಂದಿನ ಸಲ ಮೇಲಿನ ಗಾಜಿನ ಕೋಣೇಲಿ ನನ್ನ ಪಕ್ಕ ಕೂತ್ಕೊಳ್ಳಯ್ಯ, ಎಲ್ಲಾ ಚೆನ್ನಾಗಿ ಕಾಣುತ್ತೆ” ಎಂದು ಕರೆದರು. ತಂಪಣ್ಣ ಅಂಗೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡು, “ಬೇಡ ಸಾರ್, ಅಲ್ಲಿಂದ ಕೈ ಎಟುಕಲ್ಲ” ಎಂದ.