ಆರಾಮ ಇದ್ದವರಿಗೆ ಸೂಜಿ ಯಾಕೆ?

ಬೇವಿನ ಗಿಡದ ಟೊಂಗೆಗೆ ಸಲೈನ್ ಬಾಟಲಿ ಕಟ್ಟಿದ್ದರು. ಕೆಳಗೆ ಹೊರಸಿನ ಮೇಲೆ ನನ್ನ ಅಕ್ಕ ಮಹಾನಂದಾ ಮಲಗಿದ್ದಳು. ಅವಳೂರಿನ ಆ ಸಣ್ಣ ಖಾಸಗಿ ದವಾಖಾನೆಯ ಒಳಗೆ ಜಾಗವಿರಲಿಲ್ಲ. ಅಂಗಳದ ತುಂಬ ಜ್ವರದವರೇ.

“ಸಲೈನ್ ಹಚ್ಯಾರ ತಮ್ಮಾ. ಹಳದಿ ಬಾಟ್ಲಿ. ಪವರ್ ಭಾಳ ಇರ್ತದ” ಎಂದಳು. ಅಷ್ಟು ಹೇಳುವುದರೊಳಗೆ ಏದುಸಿರು ಬಿಟ್ಟಳು.

(ಬಿಳಿ ಬಾಟಲಿಗಿಂತ ಹಳದಿ ಬಾಟಲಿಗೆ ನಮ್ಮಲ್ಲಿ ಮರ್ಯಾದೆ ಜಾಸ್ತಿ. ಅದು ಬರೀ ವಿಟಮಿನ್ ಬಣ್ಣ ಎಂದು ಹೇಳಿ ನೋಡಿ, ನಿಮ್ಮನ್ನೇ ಹುಚ್ಚರಂತೆ ನೋಡುತ್ತಾರೆ.)

ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ, ಎಲ್ಲಿಗೆ ಬೇಕಾದರೂ ಹೋಗಿ. ಮೈ ಬೆಚ್ಚಗಾಯಿತೆಂದರೆ ಜನರಿಗೆ ಸೂಜಿ ಬೇಕು. ಬರೀ ಗುಳಿಗೆ ಕೊಟ್ಟು ಕಳಿಸಿದ ಡಾಕ್ಟರ್ ಡಾಕ್ಟರೇ ಅಲ್ಲ. ಅದೇ ಜನರಿಗೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎನ್ನಿ. ಮುಖ ತಿರುಗಿಸುತ್ತಾರೆ. ಆರಾಮ ಇದ್ದವರಿಗೆ ಸೂಜಿ ಯಾಕೆ?

ಅಕ್ಕನೂ ಇದನ್ನೇ ಕೇಳಿದ್ದಳು. ಈ ಮಳೆಗಾಲದ ಶುರುವಿನಲ್ಲಿ ಅವಳು ತನ್ನೂರು ಕರಜಗಿಯಿಂದ ಜೇವರ್ಗಿಗೆ, ನಮ್ಮ ಮನೆಗೆ ಬಂದಿದ್ದಳು. ನಾನು ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುವವನು. (ಇದಕ್ಕಾಗಿ ಮನೆಯಲ್ಲಿ ನನಗೆ ‘ಸೂಜಿ ಸಾಹೇಬ’ ಎಂಬ ಬಿರುದೂ ಇದೆ.) ಅಕ್ಕನಿಗೆ ಶುಗರ್, ಅದರ ಮೇಲೆ ದಮ್ಮು. ಲಸಿಕೆ ಮೊದಲು ಬೇಕಾದದ್ದು ಇಂಥವರಿಗೇ. ಜೊತೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ತಿಳಿಸಿ ಹೇಳಿದರು. ಫ್ಲೂ ವೈರಸ್ ವರ್ಷವರ್ಷ ವೇಷ ಬದಲಿಸುತ್ತದೆ, ಹಾಗಾಗಿ ಲಸಿಕೆಯನ್ನೂ ಪ್ರತಿವರ್ಷ ಹಾಕಿಸಬೇಕು. ಹಾಕಿಸಿಕೊಂಡರೂ ಜ್ವರ ಬರಬಹುದು, ಆದರೆ ಜೀವಕ್ಕೆ ಕುತ್ತು ಬರುವ ಸಂಭವ ಕಡಿಮೆ. ಅಕ್ಕ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದಳು. ನರ್ಸ್ ಸಿರಿಂಜ್ ತೆಗೆದಳು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು.

“ನನಗೇನಾಗ್ಯಾದಂತ ಚುಚ್ಚಿಸ್ಕೋಬೇಕು? ಜಡ್ಡು ಬಂದಾಗ ಬೇಕಾದಷ್ಟು ಸೂಜಿ ಮಾಡಿಸ್ಕೋತೇನಿ. ಗಟ್ಟಿಮುಟ್ಟ ಇದ್ದಾಗ ಬ್ಯಾನಿ ಕರೆಯೋ ಕೆಲಸ ಮಾಡಬ್ಯಾಡ ತಮ್ಮಾ.”

ವಿಚಿತ್ರ ನೋಡಿ. ನಮ್ಮದು ಶರಣರ ದಾರಿ ಹಿಡಿದ ಮನೆತನ. ಮುಹೂರ್ತ ಕೇಳುವುದಿಲ್ಲ, ಸೂತಕ ಹಿಡಿಯುವುದಿಲ್ಲ. ಅಕ್ಕನಂತೂ ಅಮಾವಾಸ್ಯೆಯ ದಿನವೇ ಮಗಳ ಲಗ್ನ ನಿಶ್ಚಯ ಮಾಡಿ ಬೀಗರನ್ನು ಬೆಚ್ಚಿಬೀಳಿಸಿದಾಕೆ. ಅಂಥವಳಿಗೆ ಒಂದು ಸಣ್ಣ ಸೂಜಿ ಅಪಶಕುನವಾಯಿತು.

ಅವಳು ಊರಿಗೆ ಮರಳಿದ ಮೇಲೆ ಪಕ್ಕದ ಮನೆಯ ಕಮಲಾಬಾಯಿಗೆ ಜ್ವರ ಬಂತು. ಜಡ್ಡಾದವರನ್ನು ಮಾತಾಡಿಸಲು ಹೋಗದಿದ್ದರೆ ನಮ್ಮಲ್ಲಿ ಮನಸ್ತಾಪವೇ ಆಗಿಬಿಡುತ್ತದೆ. ದೂರ ನಿಂತು ಮಾತಾಡಿಸಿದರೂ ತಪ್ಪು. ಹೊರಸಿನ ಮೇಲೇ ಕೂರಬೇಕು, ಹಣೆ ಮುಟ್ಟಿ ನೋಡಬೇಕು, ಚಹಾ ಕುಡಿದೇ ಏಳಬೇಕು. ಅಕ್ಕ ಎಲ್ಲವನ್ನೂ ಮಾಡಿ ಬಂದಳು. ಓಣಿಯ ಅರ್ಧ ಜನ ಮಾಡಿ ಬಂದರು. ಜ್ವರವೂ ಅವರ ಹಿಂದೆಯೇ ಮನೆಮನೆಗೆ ಹೋಯಿತು, ಅಕ್ಕನ ಮನೆಗೂ.

ಬೇವಿನ ಗಿಡದ ಕೆಳಗೆ ಅವಳ ಉಸಿರಾಟ ನೋಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಸಲೈನ್ ಬಿಡಿಸಿ ಕಲಬುರಗಿಗೆ ಹೊರಡಿಸಿದೆ. “ಇನ್ನ ಅರ್ಧ ಬಾಟ್ಲಿ ಅದ ತಮ್ಮಾ, ಮುಗೀಲಿ ತಡಿ” ಎಂದು ಭಾವ ಕಾರಿನ ಬಾಗಿಲು ಹಿಡಿದು ನಿಂತರು.

ಚೌಡಾಪುರ ದಾಟುವ ಹೊತ್ತಿಗೆ ಅಕ್ಕನಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಟೆಸ್ಟ್ ಮಾಡಿದರು. ಫ್ಲೂ. ಶ್ವಾಸಕೋಶಕ್ಕೆ ಇಳಿದಿತ್ತು. ಐಸಿಯು, ಆಕ್ಸಿಜನ್, ಮೆಷಿನ್, ಎಲ್ಲ ಆಯಿತು. ವಾರ ತುಂಬುವ ಮೊದಲೇ ಅಕ್ಕ ಹೋದಳು.

ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ‘ಸುಮ್ನೆ ನೆಗಡಿ-ಜ್ವರ’ ಎಂದು ನಾವೆಲ್ಲ ಹಗುರಾಗಿ ಕರೆಯುವ ಕಾಯಿಲೆ ನನ್ನ ಅಕ್ಕನನ್ನು ಕೊಂದಿತು.

ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯ ತುಂಬ ಜನ. ಕೆಲವರು ಅಳುತ್ತಿದ್ದರು, ಕೆಲವರು ಕೆಮ್ಮುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದರೆ ಎಂದು ಬಾಯಿಬಿಟ್ಟೆ.

“ಹಾಕಿಸಿದ್ರ ಉಳೀತಿದ್ದಳಂತ ಗ್ಯಾರಂಟಿ ಕೊಡ್ತೀ ಏನು?” ಎಂದರು ಭಾವ.

ಕೊಡಲಾರೆ. ಯಾವ ಡಾಕ್ಟರೂ ಕೊಡಲಾರರು. ಉಳಿಯುವ ಸಾಧ್ಯತೆ ಹೆಚ್ಚಿರುತ್ತಿತ್ತು ಎಂದಷ್ಟೇ ಹೇಳಬಲ್ಲೆ. ಆದರೆ ಆ ಹಳದಿ ಬಾಟಲಿಗೆ ಯಾರಾದರೂ ಗ್ಯಾರಂಟಿ ಕೇಳಿದ್ದರೇ? ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯನ್ನು ಈಗಷ್ಟೇ ಮಣ್ಣಿಗೆ ಕೊಟ್ಟು ಬಂದವರಿಗೆ ಇದನ್ನು ಹೇಗೆ ಕೇಳುವುದು, ನೀವೇ ಹೇಳಿ.

“ಆಕಿ ಋಣ ಇಷ್ಟೇ ಇತ್ತು ಬಿಡ್ರಿ” ಎಂದರು ಹಿರಿಯರೊಬ್ಬರು. ಎಲ್ಲರೂ ಹೌದ್ರಿ ಹೌದ್ರಿ ಎಂದರು. ವೈರಸ್ಸಿನ ಮಾತು ಅಲ್ಲಿಗೆ ಮುಗಿಯಿತು.

ಮೂಲೆಯಲ್ಲಿ ಅಕ್ಕನ ಮಗಳು ಭಾಗ್ಯಶ್ರೀ ಕೂತಿದ್ದಳು. ಮಾದನಹಿಪ್ಪರಗಾಕ್ಕೆ ಮದುವೆ ಮಾಡಿಕೊಟ್ಟ ಹುಡುಗಿ. ಈಗ ಬಸುರಿ. ಬಸುರಿಯರಿಗೆ ಫ್ಲೂ ಇನ್ನೂ ಅಪಾಯ, ಲಸಿಕೆ ಹಾಕಿಸಿದರೆ ತಾಯಿಗೂ ರಕ್ಷೆ, ಹುಟ್ಟುವ ಕೂಸಿಗೂ ರಕ್ಷೆ ಎಂದು ಅಕ್ಕನನ್ನು ಲಸಿಕೆಗೆ ಕರೆದೊಯ್ದ ದಿನವೇ ಡಾಕ್ಟರ್ ಹೇಳಿದ್ದರು. ಅಕ್ಕನನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಇವಳನ್ನಾದರೂ ಕಾಯೋಣ ಎನಿಸಿತು. ಹತ್ತಿರ ಹೋಗಿ “ನಾಳೆ ನನ್ನ ಸಂಗಡ ಕಲಬುರಗಿಗೆ ಬಾರವ್ವಾ, ಲಸಿಕೆ ಹಾಕಿಸ್ತೇನಿ” ಎಂದೆ.

ಅವಳು ತನ್ನ ಅತ್ತೆಯ ಮುಖ ನೋಡಿದಳು.

“ಬಸರ ಹೆಣ್ಮಗಳಿಗಿ ಇಲ್ಲದ ಸೂಜಿ ಬ್ಯಾಡ್ರಿ ಯಣ್ಣಾ. ಏನಾಗ್ಯಾದ ಆಕಿಗಿ? ಛಲೋ ಅದಾಳ” ಎಂದರು ಅತ್ತೆ. (ಧನುರ್ವಾಯು ಬರದಂತೆ ಬಸುರಿಯರಿಗೆ ಹಾಕುವ ಟಿಟಿ ಸೂಜಿಗೆ ಇವರೇ ಅವಳ ಕೈಹಿಡಿದು ಕರೆದೊಯ್ದಿದ್ದರು.)

ನಾನು ಮತ್ತೆ ಮತ್ತೆ ಕೇಳಿದೆ. ಬೇಡಿಕೊಂಡೆ ಎಂದರೂ ಸರಿಯೇ. ಭಾಗ್ಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬ್ಯಾಡ ಬಿಡ್ರಿ ಮಾಮಾ. ಸದ್ಯ ಆರಾಮ ಇದ್ದೇನಿ” ಎಂದಳು.

ಹೆತ್ತ ತಾಯಿಯ ಸಾವೇ ಮಗಳನ್ನು ಒಪ್ಪಿಸಲಿಲ್ಲ ಎಂದಮೇಲೆ, ನನ್ನ ಈ ಬರಹ ಯಾರನ್ನು ಒಪ್ಪಿಸೀತು?