ಬಚ್ಚಲುಮನೆಯ ನಾಲ್ಕು ಸಾಲು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ತೀರಿಹೋದ ಪಕ್ಕದ ಮನೆಯವರ ದನಿ ತೆಗೆದು ಬಚ್ಚಲುಮನೆಯಲ್ಲಿ ಕವಿತೆ ಹೇಳುವ ಕೆಲಸವನ್ನು ಬುದ್ಧಿ ನೆಟ್ಟಗಿರುವವರು ಮಾಡುವುದಿಲ್ಲ. ನಾನು ಮಾಡಿದೆ. ಇವತ್ತು, ಭಾನುವಾರ ಬೆಳಿಗ್ಗೆ, ಅದೇ ಬಚ್ಚಲ ಕಡೆಯಿಂದ ಒದ್ದೆ ಸೀಮೆಸುಣ್ಣದ ವಾಸನೆ ಬರುತ್ತಿದೆ. ನಮ್ಮ ಮನೆಯಲ್ಲಿ ಸೀಮೆಸುಣ್ಣ ಮುಟ್ಟುವವರು ಯಾರೂ ಇಲ್ಲ. ಅದಕ್ಕೇ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಸ್ವಲ್ಪ ಹೊತ್ತು ಎದ್ದು ಹೋಗಬೇಡಿ.

ಆ ವಾಸನೆ ಮಲ್ಲಣ್ಣ ತಾತನದು. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಅವರಿಗೂ ನಮಗೂ ನಡುವೆ ಒಂದೇ ಗೋಡೆ. ತರಗುಪೇಟೆಯಲ್ಲಿ ಅವರದು ಬೇಳೆಕಾಳಿನ ಮಂಡಿ. ಬಾಗಿಲಲ್ಲಿ ಒಂದು ಕಪ್ಪು ಹಲಗೆ: ಮೇಲುಗಡೆ ತೊಗರಿ, ಹೆಸರು, ಉದ್ದಿನ ಅವತ್ತಿನ ರೇಟು, ಕೆಳಗೆ ಅವತ್ತಿನ ಕವಿತೆ, ನಾಲ್ಕೇ ಸಾಲು. ಅಂಗಡಿ ಮುಚ್ಚುವಾಗ ಒದ್ದೆ ಬಟ್ಟೆಯಲ್ಲಿ ರೇಟನ್ನೂ ಕವಿತೆಯನ್ನೂ ಒಟ್ಟಿಗೇ ಒರೆಸಿಬಿಡುತ್ತಿದ್ದರು.

"ಬರೆದಿಟ್ಕೊಳ್ಳಿ ತಾತ, ಪುಸ್ತಕ ಮಾಡ್ಬೋದು" ಎಂದು ಒಮ್ಮೆ ಹೇಳಿದ್ದೆ.

"ನಿನ್ನೆ ರೇಟಿಗೆ ಇವತ್ತು ಯಾರಾದ್ರೂ ಬೇಳೆ ಕೊಡ್ತಾರೇನೋ?" ಎಂದಿದ್ದರು.

ಮಂಡಿಯನ್ನು ತಮ್ಮನ ಮಗನಿಗೆ ಬಿಟ್ಟ ಮೇಲೆ ಹಲಗೆ ಮನೆಯ ಹಿತ್ತಲಿಗೆ ಬಂತು. ರೇಟು ಹೋಯಿತು, ಕವಿತೆ ಉಳಿಯಿತು. ದಿನಾ ಬೆಳಿಗ್ಗೆ ತಾತ ಬರೆಯುತ್ತಾ ಗಟ್ಟಿಯಾಗಿ ಓದುವುದು, ಅವರ ಹೆಂಡತಿ ಗಿರಿಜಜ್ಜಿ ಅಡುಗೆಮನೆಯಿಂದ ಮಾರ್ಕು ಹಾಕುವುದು. "ಪರವಾಗಿಲ್ಲ." "ಇದು ಮೊನ್ನೇದೇ." ಮಾರ್ಕು ಎಷ್ಟೇ ಬರಲಿ, ಕೊನೆಗೆ ಒಂದೇ ಮಾತು: "ಕಾಫಿ ಆರ್ತಿದೆ, ಬನ್ನಿ."

ಇನ್ನು ನನ್ನ ಕಸುಬು. ಮಿಮಿಕ್ರಿ. ಶನಿವಾರ ಸಂಜೆ ಮದುವೆ ರಿಸೆಪ್ಷನ್ನುಗಳಲ್ಲಿ ಜನರನ್ನು ನಗಿಸಿ, ರಾತ್ರಿ ಮಲ್ಲೇಶ್ವರದ ಗೆಳೆಯನ ರೂಮಿನಲ್ಲಿ ಬಿದ್ದುಕೊಂಡರೆ ಚಾಮರಾಜಪೇಟೆಗೆ ಮರಳುವುದು ಭಾನುವಾರದ ಊಟದ ಹೊತ್ತಿಗೇ. ಕುಕ್ಕರಿನ ವಿಸಿಲ್, ಬಸ್ ಕಂಡಕ್ಟರ್, ನಮ್ಮಪ್ಪನ ಸಿಟ್ಟು, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನ ದನಿಯೊಂದನ್ನು ಬಿಟ್ಟು. ಹೆಣ್ಣಿನ ಕಡೆಯವರು ಬಂದು ಹೆಸರು ಕೇಳಿದಾಗ ಗಾಬರಿಯಲ್ಲಿ ಕಂಡಕ್ಟರ್ ದನಿಯಲ್ಲೇ ಹೇಳಿದ್ದೆ. ಆ ಸಂಬಂಧ ಮುಂದಿನ ಸ್ಟಾಪಿನಲ್ಲಿ ಇಳಿದುಹೋಯಿತು.

ತಾತ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು ಹಲಗೆ ಅಟ್ಟ ಸೇರಿತು. ಅದಾದ ಮೇಲೆ ಒಂದು ಬೆಳಿಗ್ಗೆ ನಾನು ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಾಗ ನಲ್ಲಿ ನೂಲಿನಷ್ಟು ಸಣ್ಣಗಾಯಿತು. ಬಾಯಿ ಸುಮ್ಮನಿರಬೇಕಲ್ಲ! ತಾತನ ಆ ಒಡಕು ದನಿ ತೆಗೆದು ಶುರುಮಾಡಿದೆ:

ನಲ್ಲಿಯಮ್ಮ, ನಲ್ಲಿಯಮ್ಮ, ಯಾಕೆ ಇಷ್ಟು ಮುನಿಸು?
ಬಿಂದಿಗೆಯ ಬಾಯಿ ಒಣಗಿದೆ, ನಾಲ್ಕು ಹನಿ ಉಣಿಸು.

ಇನ್ನೆರಡು ಸಾಲು ಹೇಗೋ ಎಳೆದೆ. ಬಚ್ಚಲಿನ ಗವಾಕ್ಷಿ ತೆರೆದುಕೊಳ್ಳುವುದು ಅವರ ಹಿತ್ತಲಿಗೆ. ಅಲ್ಲಿಂದ ಗಿರಿಜಜ್ಜಿಯ ದನಿ, ಎಂದಿನಂತೆ: "ಕಡೇ ಸಾಲು ಎಳೆದ್ಬಿಟ್ರಿ. ಕಾಫಿ ಆರ್ತಿದೆ, ಬನ್ನಿ."

ಆಮೇಲೆ ಲೋಟ ಇಟ್ಟ ಸದ್ದು. ಒಂದಲ್ಲ, ಎರಡು.

ಮರುದಿನ ನಾನು ಉಸಿರು ಬಿಗಿಹಿಡಿದು ಸ್ನಾನ ಮಾಡಿದೆ. ಆ ಕಡೆಯೂ ಉಸಿರಿಲ್ಲ. ಯಾರೋ ಕಾಯುತ್ತಿರುವ ಮೌನ. ಬಹಳ ಹೊತ್ತಿನ ಮೇಲೆ ಒಂದು ಲೋಟ ಕಾಫಿಯನ್ನು ಮೋರಿಗೆ ಸುರಿದದ್ದು ಕೇಳಿಸಿತು. ಆ ಸದ್ದನ್ನು ನನ್ನಿಂದ ಇನ್ನೊಮ್ಮೆ ಕೇಳಲಾಗುತ್ತಿರಲಿಲ್ಲ. ಮರುದಿನದಿಂದ ಕವಿಯಾದೆ.

ದಿನಾ ನಾಲ್ಕು ಸಾಲು ಎಂದರೆ ಸುಲಭ ಅಂದುಕೊಂಡಿರಾ? ಮೂರನೇ ವಾರಕ್ಕೆ ನಲ್ಲಿ, ಕಾಗೆ, ಕರೆಂಟು, ಮೆಟ್ರೋ ಎಲ್ಲ ಖಾಲಿ. ಆಗ ನೋಡಲು ಕಲಿತೆ. ಅಲ್ಲಿಯವರೆಗೆ ನನಗೆ ಮನುಷ್ಯರೆಂದರೆ ಬರೀ ಗಂಟಲುಗಳು. ಈಗ ಹೂವು ಕಟ್ಟುವವಳ ಬೆರಳಿನ ಹಸಿರು ಕಲೆ ಕಂಡಿತು. ಅಪ್ಪ ಸಿಟ್ಟಾಗುವ ಮೊದಲು ಒಂದು ಗಳಿಗೆ ಹೆದರುತ್ತಾರೆಂಬುದು ಕಂಡಿತು. ರಾತ್ರಿ ಹಾಳುಮೂಳು ಯೋಚನೆಗಳು ಬಂದರೆ, 'ಇರ್ಲಿ, ಬೆಳಿಗ್ಗೆ ಸಾಲಿಗಾಯ್ತು' ಎಂದು ಮಗ್ಗುಲು ಬದಲಿಸುತ್ತಿದ್ದೆ, ನಿದ್ದೆ ಬರುತ್ತಿತ್ತು.

ಒಂದು ದಿನ ಈ ಸಾಲು ಬಂತು: 'ಒಣಗಿದ ಅಂಗಿಯೊಳಗೆ ಯಾರೋ ಇನ್ನೂ ಕೈ ಆಡಿಸುತ್ತಾರೆ.'

ಗೋಡೆಯಾಚೆಯಿಂದ ಅಜ್ಜಿ, "ಇದ್ಯಾರ ದನಿ?"

ನನಗೂ ಅದೇ ಅನುಮಾನ. ತಾತನದಂತೂ ಅಲ್ಲ. ನನ್ನದಿರಬಹುದೇ? ಪರಿಚಯವಿರಲಿಲ್ಲವಾದ್ದರಿಂದ ಗುರುತು ಸಿಗಲಿಲ್ಲ.

ಖುಷಿಪಡುವಷ್ಟರಲ್ಲಿ ಇನ್ನೊಂದಾಯಿತು. ಕಲಾಸಿಪಾಳ್ಯದಲ್ಲಿ ಅವರೆಕಾಯಿ ಕೇಳಲು ಬಾಯಿ ತೆರೆದರೆ ತಾತನ ದನಿ ಬಂತು. ನಾನು ತೆಗೆದದ್ದಲ್ಲ, ಅದೇ ಬಂತು. ಕೆಮ್ಮಿದೆ, ಕೆಮ್ಮೂ ಅವರದೇ. ತಕ್ಕಡಿ ಹಿಡಿದಿದ್ದ ಮುದುಕ, "ಯಜಮಾನ್ರೇ, ಬಾಳ ದಿನ ಆಯ್ತು" ಎಂದು ತಲೆಯೆತ್ತಿ, ನನ್ನನ್ನು ಕಂಡು ತಕ್ಕಡಿ ಕೆಳಗಿಟ್ಟ. ಅವರೆಕಾಯಿ ಬಿಟ್ಟು ಓಡಿದೆ. ಇದ್ದ ಚೂರು ದನಿಯೂ ಹೊರಟುಹೋಗುವ ಮೊದಲು ಅಜ್ಜಿಯ ಮುಂದೆ ನಿಜ ಹೇಳಿಬಿಡಬೇಕು; ಆದರೆ ಹೇಳಿದರೆ ಅವರ ಬೆಳಗು ಏನಾಗುತ್ತದೆ?

ಹೋದ ಬುಧವಾರ ಧೈರ್ಯ ಮಾಡಿದೆ. ಅಜ್ಜಿ ಹಿತ್ತಲಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದರು.

"ಅಜ್ಜಿ, ಬೆಳಿಗ್ಗೆ ಬೆಳಿಗ್ಗೆ ಕೇಳ್ಸತ್ತಲ್ಲ... ಅದು ನಾನು."

"ಗೊತ್ತು ಕಣೋ. ನಮ್ಮೋರು ಮಧ್ಯ ಮಧ್ಯ ಸೋಪು ಬೀಳಿಸ್ತಿರ್ಲಿಲ್ಲ."

"ಮತ್ತೆ ಆ ಎರಡನೇ ಲೋಟ?"

"ನಿಂಗೇ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಇಡ್ತಿದ್ದೆ. ಪುಕ್ಕಲ!"

ಗುರುವಾರದಿಂದ ಗೋಡೆಯ ಆಚೆ ಕಡೆಯೇ ಕೂತು, ಕಾಫಿ ಕುಡಿಯುತ್ತಾ, ನನ್ನ ದನಿಯಲ್ಲೇ ಓದುತ್ತಿದ್ದೇನೆ. ಸಣ್ಣ ದನಿ, ಆದರೂ ನನ್ನದು. ನಿನ್ನೆ ರಿಸೆಪ್ಷನ್ನಿಗೆ ಹೋಗಲಿಲ್ಲ. ಹಾಗಾಗಿ ಎಷ್ಟೋ ತಿಂಗಳ ಮೇಲೆ ಭಾನುವಾರ ಬೆಳಿಗ್ಗೆ ಮನೆಯಲ್ಲಿದ್ದೇನೆ. ಬಚ್ಚಲ ಬಾಗಿಲು ಮುಚ್ಚಿಯೇ ಇದೆ. ಒಳಗೆ ಯಾರೂ ಹೋಗಿಲ್ಲ. ವಾಸನೆ ಬರುತ್ತಲೇ ಇದೆ. ಇವತ್ತಿನ ನಾಲ್ಕು ಸಾಲು ಬರೆದಾಗಿದೆ, ಗಟ್ಟಿಯಾಗಿ ಓದಲಾರೆ. ಸರದಿ ನನ್ನದಲ್ಲ.

ಯಾಕೆಂದರೆ ಆ ಬುಧವಾರ, ಬೈಗುಳ ತಿಂದ ಮೇಲೂ ಹೊಗಳಿಕೆಯ ಆಸೆ ಬಿಡದೆ, "ಹೋಗ್ಲಿ ಅಜ್ಜಿ, ಕವಿತೆಗಳು ಹೇಗಿದ್ವು?" ಎಂದು ಕೇಳಿದ್ದೆ. ಅಜ್ಜಿ ಮೊರದಿಂದ ಕಣ್ಣೆತ್ತಲಿಲ್ಲ.

"ಭಾನುವಾರದ್ದು ಬಿಟ್ರೆ, ಮಿಕ್ಕಿದ್ದೆಲ್ಲ ಸುಮಾರು ಕಣೋ."