ಹಲ್ಲುನೋವಿನ ಹರಕೆ

ನಾನು ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದ ಮರುವರ್ಷ, ಐವತ್ತರ ದಶಕದ ಕೊನೆಯಲ್ಲಿ, ನಮ್ಮ ಮಾವನಿಗೆ ದವಡೆಹಲ್ಲಿನ ನೋವು ಬಂತು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾವ ದಪ್ಪ ಆಸಾಮಿ. ಮನೆಯಿಂದ ಅಂಗಡಿಗೆ ಹೋಗುವುದರೊಳಗೆ ಯಾರದಾದರೂ ಜಗಲಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದವರು. ನೋವು ತಡೆಯಲಾರದೆ ಕೆನ್ನೆ ಹಿಡಿದುಕೊಂಡು, "ಸ್ವಾಮೀ, ಇದೊಂದು ವಾಸಿ ಮಾಡಪ್ಪ, ಧರ್ಮಸ್ಥಳಕ್ಕೆ ನಡ್ಕಂಡೇ ಬತ್ತೀನಿ!" ಎಂದು ಕೂಗಿಬಿಟ್ಟರು. ಊಟದ ಹೊತ್ತಿಗೆ ನೋವು ಮಾಯ.

"ಬತ್ತೀನಿ ಅಂದೆ ಕಣೇ, ನಡ್ಕಂಡು ಅಂತ ಎಲ್ಲಂದೆ?" ಎಂದು ಅತ್ತೆಯ ಹತ್ತಿರ ವಾದ ಹೂಡಿದರು.

"ಬೀದಿಯೋರೆಲ್ಲ ಕೇಳಿಸ್ಕಂಡವ್ರೆ, ಕರೀಲಾ?" ಎಂದರು ಅತ್ತೆ. "ನಿಮ್ಮೊಬ್ಬರನ್ನೇ ಕಳಿಸಿದ್ರೆ ಹಾಸನದಲ್ಲಿ ಬಸ್ ಅತ್ಬುಡ್ತೀರ. ನಾನೂ ಬತ್ತೀನಿ."

ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಹೇಮಾವತಿ ಹೊಳೆಯ ತನಕ ನಡೆಯುವುದು. ಮಾವ ಚುರುಕಾಗಿಯೇ ಹೋಗುತ್ತಿದ್ದರು. ಬರುವುದು ಮಾತ್ರ ತಡ. ದಾರಿಯ ಹೋಟೆಲಿನಲ್ಲಿ ಬೆಣ್ಣೆದೋಸೆ ಆಗುತ್ತಿತ್ತೆಂಬುದಕ್ಕೆ ಮೀಸೆಯ ಮೇಲಿನ ಚಟ್ನಿಯೇ ಸಾಕ್ಷಿ. ನಡೆದಷ್ಟೂ ದಪ್ಪಗಾದರು.

ಹರಕೆಯೆಂದ ಮೇಲೆ ಬರಿಗಾಲು. ಅಂಗಾಲು ಗಟ್ಟಿಯಾಗಲೆಂದು, ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿ ರಾಶಿಯ ಮೇಲೆ ಕೋಟು, ಪೇಟ ಸಮೇತ ಹತ್ತಿ ಇಳಿಯತೊಡಗಿದರು. ಮೊಸರು ತರಲು ಹೋಗಿದ್ದ ನಾನು ನೋಡುತ್ತಿದ್ದಂತೆಯೇ ಕೆಲಸದ ಮೇಸ್ತ್ರಿ ಓಡಿಬಂದು ಕೈಮುಗಿದ. "ಒಳ್ಳೆ ಜಲ್ಲಿ ಸಾ. ಒಂದೆರಡು ದಪ್ಪ ಕಲ್ಲು ಸೇರ್ಕಂಡವೆ, ಒಡೆಸ್ಬುಡ್ತೀನಿ ಸಾ." ಹಾಸನದಿಂದ ತಪಾಸಣೆಗೆ ಬಂದ ಓವರ್ಸಿಯರ್ ಎಂದುಕೊಂಡಿದ್ದ.

ಮಾವ ಕಣ್ಣು ಪಿಳುಕಿಸಿ, ಗಂಟಲು ಸರಿಮಾಡಿಕೊಂಡು, "ಚೂಪು ಕಣಯ್ಯ, ಬಹಳ ಚೂಪು!" ಎಂದು ಗದರಿ, ಕುಂಟುವುದು ಕಾಣದಂತೆ ಗಂಭೀರವಾಗಿ ನಡೆದು ಬಂದರು. ಮಾರನೆಯ ದಿನ ಮೇಸ್ತ್ರಿ ಅವರಿಗೆಂದು ಕುರ್ಚಿ, ಎಳನೀರು ತರಿಸಿಟ್ಟಿದ್ದನಂತೆ. ಎಳನೀರು ಕುಡಿದು ಬಂದ ಮಾವ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ, ಗಂಟು ಹೊತ್ತು ನಡೆದು ನೋಡಬೇಕೆಂದು ಅರಕಲಗೂಡಿನ ನಾದಿನಿಯ ಮನೆಗೆ ಹೊರಟೆವು. ನಮ್ಮ ಯಜಮಾನರು ಅಂಗಡಿಗೆಂದು ಉಳಿದರು. ನನ್ನ ತಲೆಗೂ ಒಂದು ಗಂಟು ಬಂತು. ಊರು ದಾಟುವಷ್ಟರಲ್ಲೇ ಮೂವರಿಗೂ ಏದುಸಿರು. ಹುಣಸೆಮರದ ಕೆಳಗೆ ಕೂತು ಮಾವ ತಮ್ಮ ಗಂಟು ಬಿಚ್ಚಿದರೆ, ಹುರಿಹಿಟ್ಟಿನ ಅಡಿಯಲ್ಲಿ ಉಪ್ಪಿನಕಾಯಿ ಜಾಡಿ, ಕಲ್ಲಿನ ಕುಟ್ಟಾಣಿ!

"ಇದ್ಯಾರು ಇಟ್ಟೋರು?"

ಅತ್ತೆ ತಮ್ಮ ಗಂಟು ಬಿಚ್ಚಿದರು. ಅದರಲ್ಲಿ ಅಂಗಡಿಯ ಕಬ್ಬಿಣದ ಗಜಕಡ್ಡಿ, ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ.

"ಗಜಕಡ್ಡಿ ನಾಯಿ ಬಂದ್ರೆ ಇರ್ಲಿ ಅಂತ. ಇನ್ನು ದೇವರ ಮುಂದೆ ಮುದುರಿದ ಪಂಚೇಲಿ ನಿಂತ್ಕಳಕಾದದಾ?" ಎಂದರು ಮಾವ ಸಣ್ಣ ದನಿಯಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. "ನಗಬೇಡಮ್ಮ, ನಿಂದೂ ಬಿಚ್ಚು" ಎಂದರು ಅತ್ತೆ. ನನ್ನ ಗಂಟಿನಲ್ಲಿ ಮಾವನ ದಿಂಬೂ ಇತ್ತು, ಅತ್ತೆಯ ಇಡ್ಲಿ ತಟ್ಟೆಗಳೂ ಇದ್ದವು. ಈಗ ಮೂವರೂ ನಕ್ಕೆವು. ದಾರಿಗೆಂದು ಕಟ್ಟಿಕೊಂಡಿದ್ದ ಚಕ್ಕುಲಿಯನ್ನೆಲ್ಲ ಅಲ್ಲೇ ತಿಂದು ಮುಗಿಸಿದೆವು. ಅಷ್ಟರಲ್ಲಿ ಬಂದ ಬಸ್ಸಿಗೆ ಅತ್ತೆಯೇ ಕೈ ಅಡ್ಡ ಹಿಡಿದರು.

"ಮನೆ ಖಾಲಿ ಮಾಡ್ತಿದೀರಾ ಯಜಮಾನ್ರೇ?" ಎಂದ ಕಂಡಕ್ಟರ್.

ಮುಂದಿನ ತಿಂಗಳು ಹಾಸನದಿಂದ ಧರ್ಮಸ್ಥಳಕ್ಕೆ ಹೊರಟ ಗುಂಪಿನ ಜೊತೆ ಇಬ್ಬರೂ ಒಂದೊಂದು ಬಟ್ಟೆಚೀಲ ಹಿಡಿದು ನಿಜವಾಗಿಯೂ ನಡೆದರು. ತಿರುಗಿ ಬಂದಾಗ ಮಾವನ ಕೋಟು ಮೈಮೇಲೆ ಜೋತಾಡುತ್ತಿತ್ತು. ಶಿರಾಡಿ ಘಾಟಿಯನ್ನು ಒಂದೇ ಉಸಿರಿಗೆ ಇಳಿದೆನೆಂದು ಬೀದಿಗೆಲ್ಲ ಹೇಳಿಕೊಂಡರು. ಅತ್ತೆ ಅಡುಗೆಮನೆಯಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದರು: "ನಿಮ್ಮಾವ ಅಲ್ಲಿ ಕೂತ್ಕಂಡೋರು ಏಳ್ಲೇ ಇಲ್ಲ ಕಣಮ್ಮ. ದಾರೀಲಿದ್ದ ಎಮ್ಮೆ ಸಗಣಿ ತೋರಿಸಿ ಆನೆ ಲದ್ದಿ ಅಂದೆ. ಆಮೇಲೆ ಅವರನ್ನ ಹಿಡಿಯೋಕೆ ನಾನೇ ಓಡಬೇಕಾಯ್ತು."